ಹಡಗು ನಿಂತರೆ, ಸುಂಕ ಏರಿದರೆ: ದಾವಣಗೆರೆ–ಚಿತ್ರದುರ್ಗದ ಸಣ್ಣ ಉದ್ದಿಮೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಗಿರಣಿ ಮಾಲೀಕರು, ಗೊಬ್ಬರದ ಅಂಗಡಿಯವರು, ನೇಕಾರರು, ಗಾರ್ಮೆಂಟ್ ಜಾಬ್‌ವರ್ಕ್ ಮಾಡುವವರು ಹೊರಗಿನ ಯುದ್ಧ, ನಿಷೇಧ, ಸುಂಕದಿಂದ ಮಾಲು, ರೇಟು ಏರುಪೇರಾದಾಗ ಏನು ಮಾಡಬೇಕೆಂದು ಸಭೆ ಮುಗಿದ ಮೇಲೆ ಟೀ ಕುಡಿಯುತ್ತಾ ಕೇಳಿದ್ದು, ಪತ್ರದಲ್ಲಿ ಬರೆದದ್ದು, ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಎಲ್ಲ ಇಲ್ಲಿ ಸೇರಿವೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

ಎಲ್ಲೋ ಕೆಂಪು ಸಮುದ್ರದಾಗ ಹಡಗಿಗೆ ಬಾಂಬ್ ಬಿದ್ರೆ ನನ್ನ ಅಂಗಡಿಗೆ ಏನ್ರೀ ಸಂಬಂಧ?

2023ರ ನವೆಂಬರಿನಿಂದ ಯೆಮನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಸೂಯೆಜ್ ಕಾಲುವೆ ಬಿಟ್ಟ ಹಡಗುಗಳು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗಬೇಕಾಯಿತು. ಒಂದು ಕಡೆಯ ಪ್ರಯಾಣಕ್ಕೇ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ತೊಂದರೆ ಅಷ್ಟಕ್ಕೇ ನಿಲ್ಲಲಿಲ್ಲ. ಹಡಗು ತಡವಾಗಿ ವಾಪಸಾದರೆ ಅದರ ಮೇಲಿನ ಕಂಟೈನರ್ ಕೂಡ ತಡ. ಹಾಗಾಗಿ ಆ ದಾರಿಗೆ ಸಂಬಂಧವೇ ಇಲ್ಲದವರಿಗೂ ಖಾಲಿ ಕಂಟೈನರ್ ಸಿಗದೆ ಬಾಡಿಗೆ ಏರಿತು.

ಉಕ್ರೇನ್ ಮತ್ತು ರಷ್ಯಾದ ಸೂರ್ಯಕಾಂತಿ ಎಣ್ಣೆ ನಮ್ಮ ಕಡೆಗೆ ಬರುವ ಹತ್ತಿರದ ದಾರಿ ಈ ಕೆಂಪು ಸಮುದ್ರವೇ. ಜೋರ್ಡಾನ್, ಇಸ್ರೇಲ್‌ನ ಪೊಟ್ಯಾಷ್ ಕೂಡ ಆ ಕಡೆಯದ್ದೇ. ಚಳ್ಳಕೆರೆಯ ಎಣ್ಣೆ ಗಿರಣಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಡಗಷ್ಟೇ ಅಲ್ಲ, ಹೊರದೇಶದ ಒಂದು ಆದೇಶವೂ ರೇಟು ಅಲ್ಲಾಡಿಸುತ್ತದೆ: 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿ ಮೇ 23ಕ್ಕೆ ಮತ್ತೆ ಬಿಟ್ಟಿತು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದರಿಂದ, ನಾವು ಅರೆಯುವುದು ನಮ್ಮ ಹೊಲದ ಶೇಂಗಾವನ್ನೇ ಆದರೂ ರೇಟು ಕಟ್ಟುವುದು ಬಂದರಿನಲ್ಲಿ.

ನಾನು ಏನನ್ನೂ ಆಮದು ಮಾಡಲ್ಲ. ಭತ್ತ ಇಲ್ಲೇದು, ಗಿರಾಕಿ ಇಲ್ಲೇರು. ನಂಗೂ ಇದು ಬೇಕಾ?

ಭತ್ತ ಭದ್ರಾ ನಾಲೆಯದ್ದು ನಿಜ. ಅಕ್ಕಿ ತುಂಬುವ ಪ್ಲಾಸ್ಟಿಕ್ ಚೀಲ ಕಚ್ಚಾ ತೈಲದ್ದು. ಬಣ್ಣ ನೋಡಿ ಕಾಳು ಆರಿಸುವ ಸಾರ್ಟೆಕ್ಸ್ ಯಂತ್ರದ ಕ್ಯಾಮೆರಾ, ಬೋರ್ಡು ಎಲ್ಲಿಯವು ಎಂದು ಒಮ್ಮೆ ತಿರುಗಿಸಿ ನೋಡಿ.

ಅದಕ್ಕಿಂತ ದೊಡ್ಡದು ದಿಲ್ಲಿಯ ಆದೇಶ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿ ರಫ್ತು ನಿಂತಿತು. 2023ರ ಜುಲೈ 20ಕ್ಕೆ ಬಾಸ್ಮತಿಯಲ್ಲದ ಬಿಳಿ ಅಕ್ಕಿ, ಅದೇ ತಿಂಗಳು ಎಣ್ಣೆ ತೆಗೆದ ತೌಡು. ಬಿಳಿ ಅಕ್ಕಿಗೆ ಮತ್ತೆ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ಒಂದು ಕಾಳನ್ನೂ ಹೊರದೇಶಕ್ಕೆ ಕಳಿಸದ ಗಿರಣಿಗೂ ಅಕ್ಕಿಯ ರೇಟು, ತೌಡಿನ ರೇಟು ಎರಡೂ ಇದರಿಂದ ಅಲ್ಲಾಡುತ್ತವೆ. ಮಂಡಕ್ಕಿ ಭಟ್ಟಿಯವರಿಗೆ ಇದೇ ಆದೇಶ ಅನುಕೂಲವೂ ಆಗಬಹುದು, ಭತ್ತ ಅಗ್ಗವಾದರೆ ಅವರಿಗೆ ಲಾಭವೇ.

ಮೆಕ್ಕೆಜೋಳದ ಕಥೆ ಇನ್ನೂ ಹತ್ತಿರದ್ದು. ಎಥೆನಾಲ್ ಘಟಕಗಳು ಜೋಳ ಎತ್ತತೊಡಗಿದ ಮೇಲೆ, ಹೊರಗೆ ಕಳಿಸುತ್ತಿದ್ದ ಭಾರತವೇ 2024ರಲ್ಲಿ ಜೋಳ ತರಿಸಿಕೊಂಡಿತು. ಕೋಳಿ ಆಹಾರದವರು ರೇಟು ಏರಿತೆಂದು ಒದ್ದಾಡಿದರು. ಮರುವರ್ಷದ ಕೊನೆಗೆ ಬೆಳೆ ತುಂಬಿ ಬಂದು, ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇದ್ದರೂ ನಮ್ಮ ಮಾರುಕಟ್ಟೆಗಳಲ್ಲಿ ಅದಕ್ಕಿಂತ ಕೆಳಗೆ ಬಿಕರಿಯಾಗಿ ರೈತರು ಬೀದಿಗಿಳಿದರು. ಇಷ್ಟರಲ್ಲಿ ವಿದೇಶಿ ಯುದ್ಧದ ಪಾತ್ರ ಕಡಿಮೆ, ನೀತಿಯ ಪಾತ್ರ ಹೆಚ್ಚು. ನಿಮ್ಮ ಮಾಲು ಲೋಕಲ್ ಇದ್ದರೂ ಅದರ ರೇಟು ಲೋಕಲ್ ಅಲ್ಲ.

ಭಾಷಣ ಬೇಡ ಸರ್. ಮೊದಲು ಮಾಡೋ ಕೆಲಸ ಒಂದು ಹೇಳಿ.

ಒಂದು ಹಾಳೆ ತೆಗೆದುಕೊಳ್ಳಿ. ಯಾವುದು ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕೆಲಸ ನಿಲ್ಲುತ್ತದೋ ಅದನ್ನು ಮಾತ್ರ ಬರೆಯಿರಿ. ಪಕ್ಕದಲ್ಲಿ, ಈಗಿರುವುದು ಎಷ್ಟು ದಿನಕ್ಕೆ ಸಾಕು, ಹೊಸದು ಬರಲು ಎಷ್ಟು ದಿನ ಬೇಕು. ದುಬಾರಿ ವಸ್ತುಗಳನ್ನು ಮಾತ್ರ ಬರೆಯುವ ಚಟ ನಮಗಿದೆ. ಗಿರಣಿ ನಿಲ್ಲಿಸುವುದು ಬಹಳ ಸಲ ಸಣ್ಣ ಬೇರಿಂಗು, ಸೆನ್ಸರು, ಬೆಲ್ಟು. ಪಟ್ಟಿ ಹತ್ತು ಸಾಲು ದಾಟಿದರೆ ನೀವು ಭಯಕ್ಕೆ ಬರೆದಿದ್ದೀರಿ ಎಂದೇ ಅರ್ಥ, ಮತ್ತೆ ಹೊಡೆದು ಹಾಕಿ.

## ದಾಸ್ತಾನು ಮತ್ತು ದುಡ್ಡು

ಎಷ್ಟು ದಿನದ ಸ್ಟಾಕ್ ಇಟ್ರೆ ನಿಶ್ಚಿಂತೆಯಿಂದ ಮಲಗಬಹುದು?

"ಮೂರು ತಿಂಗಳದ್ದು ಇಡಿ" ಎಂದು ಸಲೀಸಾಗಿ ಹೇಳುವವರ ಮಾತು ಕೇಳಬೇಡಿ, ಬಡ್ಡಿ ಕಟ್ಟುವವರು ಅವರಲ್ಲ. ನೀವೇ ಲೆಕ್ಕ ಹಾಕಿ.

ಉದಾಹರಣೆಗೆ, ದಿನಕ್ಕೆ 100 ಕಿಲೋ ಬಳಸುವ ಒಂದು ವಸ್ತು. ಆರ್ಡರ್ ಕೊಟ್ಟ ಮೇಲೆ ಮಾಮೂಲಿಯಾಗಿ 20 ದಿನಕ್ಕೆ ಬರುತ್ತದೆ, ತೀರಾ ತಡವಾದಾಗ 45 ದಿನ ಹಿಡಿದಿದೆ. ನಡುವಿನ 25 ದಿನವೇ ನಿಮ್ಮ ಅಪಾಯ. ಅದಕ್ಕೆ 2,500 ಕಿಲೋ ಹೆಚ್ಚುವರಿ ಬೇಕು. ಕಿಲೋಗೆ 200 ರೂಪಾಯಿ ಎಂದರೆ 5 ಲಕ್ಷ. ಶೇ 11 ಬಡ್ಡಿಯಲ್ಲಿ ವರ್ಷಕ್ಕೆ 55,000 ರೂಪಾಯಿ, ಗೋದಾಮಿನ ಖರ್ಚು ಬೇರೆ. ಈಗ ಇನ್ನೊಂದು ಕಡೆ ನೋಡಿ: ಕೆಲಸ ಒಂದು ದಿನ ನಿಂತರೆ ಕೂಲಿ, ಕರೆಂಟಿನ ಕನಿಷ್ಠ ಶುಲ್ಕ, ಕಂತು, ಕೈತಪ್ಪುವ ಲಾಭ ಸೇರಿ 30,000 ಹೋಗುತ್ತದೆ ಅಂದುಕೊಳ್ಳಿ. ವರ್ಷದಲ್ಲಿ ಎರಡು–ಮೂರು ದಿನದ ನಿಲುಗಡೆ ತಪ್ಪಿದರೂ ಆ ದಾಸ್ತಾನು ದುಡಿದಂತೆ. ದಿನಕ್ಕೆ 3,000 ಮಾತ್ರ ನಷ್ಟವಾಗುವ ವಸ್ತುವಾದರೆ ಇದೇ ದಾಸ್ತಾನು ದಂಡ.

ಎರಡು ಎಚ್ಚರಿಕೆ. ಶೇಂಗಾ, ಮೆಕ್ಕೆಜೋಳದಂಥವು ತೇವ ಉಳಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಆಗುತ್ತದೆ. ಹೆಚ್ಚು ದಿನ ಇಡುವುದೇ ಆದರೆ ಮೊದಲು ತೇವ ಅಳೆಯುವ ಮೀಟರು ಕೊಳ್ಳಿ. ಇನ್ನೊಂದು, ಅಗತ್ಯ ವಸ್ತುಗಳ ಕಾಯ್ದೆಯಡಿ ಸರ್ಕಾರ ದಾಸ್ತಾನು ಮಿತಿ ಹೇರಬಹುದು. ಅಡುಗೆ ಎಣ್ಣೆ, ಎಣ್ಣೆಕಾಳುಗಳ ಮೇಲೆ 2021–22ರಲ್ಲಿ ಹೇರಿತ್ತು. ನಿಮ್ಮ ಮುಂಜಾಗ್ರತೆ ಅಧಿಕಾರಿಯ ಕಣ್ಣಿಗೆ ಅಕ್ರಮ ದಾಸ್ತಾನಾಗಿ ಕಾಣಬಾರದು.

ಸ್ಟಾಕಿಗೆ ದುಡ್ಡೆಲ್ಲಿಂದ ತರ್ಲಿ? ಸಿಸಿ ಲಿಮಿಟ್ (ಬ್ಯಾಂಕಿನ ಓಡಾಟದ ಸಾಲದ ಮಿತಿ) ಆಗ್ಲೇ ತುಂಬೈತಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು ಎಂದು ನನ್ನ ಅಭಿಪ್ರಾಯ. ಜಗತ್ತಿನಲ್ಲಿ ಗಲಾಟೆ ಆದಾಗ ಸಣ್ಣ ಉದ್ದಿಮೆಯಲ್ಲಿ ಮೊದಲು ಮುಗಿಯುವುದು ಕಚ್ಚಾಮಾಲಲ್ಲ, ದುಡ್ಡು. ಸಪ್ಲೈಯರ್ ಉದ್ರಿ ನಿಲ್ಲಿಸಿ ಮುಂಗಡ ಕೇಳುತ್ತಾನೆ, ಗಿರಾಕಿ "ಮುಂದಿನ ತಿಂಗಳು ನೋಡೋಣ" ಅನ್ನುತ್ತಾನೆ. ಎರಡೂ ಒಂದೇ ವಾರದಲ್ಲಿ. ಗೋದಾಮಿನಲ್ಲಿ ಮಾಲಿದ್ದರೂ ಶನಿವಾರದ ಬಟವಾಡೆಗೆ ಕಾಸಿರುವುದಿಲ್ಲ. ಆದ್ದರಿಂದ ಹೊಸ ಸಾಲ ಕೇಳುವ ಮೊದಲು ಉದ್ರಿ ಪುಸ್ತಕ ತೆಗೆಯಿರಿ.

ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉದ್ದಿಮೆಗೆ 2006ರ ಎಂಎಸ್‌ಎಂಇ ಕಾಯ್ದೆ ಒಂದು ಹಕ್ಕು ಕೊಟ್ಟಿದೆ. ಬರಹದ ಕರಾರು ಇದ್ದರೂ ಖರೀದಿದಾರ 45 ದಿನದೊಳಗೆ ಹಣ ಕೊಡಬೇಕು, ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಎಂಬ ಕಲಮನ್ನೂ ಸೇರಿಸಿತು: ಈ ಗಡುವು ಮೀರಿದ ಬಾಕಿಯನ್ನು ಖರೀದಿದಾರ ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ದೊಡ್ಡ ಕಂಪನಿಗಳ ಲೆಕ್ಕಪರಿಶೋಧಕರೇ ಈಗ ಮಾರ್ಚ್ ಬಂತೆಂದರೆ ಬಾಕಿ ಪಟ್ಟಿ ಹುಡುಕುತ್ತಾರೆ. ಬರೀ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಇಲ್ಲ. ಇದು ತಯಾರಿಕೆ, ಸೇವೆ ಮಾಡುವವರಿಗೆ.

ಬಾಕಿ ಬಾರದಿದ್ದರೆ ಸರ್ಕಾರದ ಎಂಎಸ್‌ಎಂಇ ಪೋರ್ಟಲಿನಲ್ಲಿ ದೂರು ಕೊಡಬಹುದು. ಆದರೆ ದೂರು ಕೊಟ್ಟ ಮೇಲೆ ಆ ಗಿರಾಕಿಯ ಮುಂದಿನ ಆರ್ಡರಿನ ಆಸೆ ಬಿಡಬೇಕಾಗಬಹುದು, ಅದನ್ನೂ ನೇರವಾಗಿ ಹೇಳುತ್ತೇನೆ. ಅದಕ್ಕೆ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆ ಮೇಲು. ದೊಡ್ಡ ಕಂಪನಿ ಒಪ್ಪಿದ ನಿಮ್ಮ ಬಿಲ್ಲನ್ನು ಬ್ಯಾಂಕುಗಳು ಹರಾಜಿನಲ್ಲಿ ಕೊಂಡು ಹಣ ಕೊಡುತ್ತವೆ, ಗಡುವಿಗೆ ಕಂಪನಿ ಬ್ಯಾಂಕಿಗೆ ಕಟ್ಟುತ್ತದೆ. 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸುವುದು ಈಗ ಕಡ್ಡಾಯ. ಧಾನ್ಯ ಇಟ್ಟಿರುವವರು ಕೇಂದ್ರದ ಗೋದಾಮು ಪ್ರಾಧಿಕಾರದ (ಡಬ್ಲ್ಯುಡಿಆರ್‌ಎ) ಮಾನ್ಯತೆಯ ಗೋದಾಮಿನ ಎಲೆಕ್ಟ್ರಾನಿಕ್ ರಸೀದಿ ಅಡವಿಟ್ಟು ಸಾಲ ಪಡೆಯಬಹುದು.

ಇಪ್ಪತ್ತು ವರ್ಷದಿಂದ ಒಬ್ಬರ ಹತ್ರಾನೇ ತಗೊಳ್ತಿದೀವಿ. ಇನ್ನೊಬ್ರನ್ನ ನೋಡಿದ್ರೆ ಅವರಿಗೆ ಬೇಜಾರಾಗಲ್ವಾ?

ಆಗಬಹುದು. ಕದ್ದು ಮಾಡಿದರೆ ಖಂಡಿತ ಆಗುತ್ತದೆ. "ಅಣ್ಣಾ, ಹತ್ತರಲ್ಲಿ ಎಂಟು ಪಾಲು ನಿಮ್ಮದೇ, ಎರಡು ಪಾಲು ಬೇರೆ ಕಡೆ ತರಿಸಿ ಅಭ್ಯಾಸ ಇಟ್ಕೋತೀನಿ" ಎಂದು ಮುಂದೆ ಕೂತು ಹೇಳಿ. ವ್ಯಾಪಾರ ಗೊತ್ತಿರುವವರು ಅರ್ಥ ಮಾಡಿಕೊಳ್ಳುತ್ತಾರೆ.

ಇಬ್ಬರಾದರು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೆಂಗಳೂರಿನ ಇಬ್ಬರು ಡೀಲರುಗಳೂ ಚೀನಾದ ಒಂದೇ ಪ್ರಾಂತ್ಯದಿಂದ ತರಿಸುತ್ತಿದ್ದರೆ ನಿಮಗಿರುವುದು ಒಬ್ಬನೇ. 2025ರ ಏಪ್ರಿಲ್ 4ರಂದು ಚೀನಾ ಏಳು ಅಪರೂಪದ ಭೂಲೋಹಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ, ಕಾಗದದ ಮೇಲೆ ಹಲವು ಸಪ್ಲೈಯರುಗಳಿದ್ದ ವಾಹನ ಕಂಪನಿಗಳೂ ಒದ್ದಾಡಿದವು.

ಗಿರಾಕಿಯ ವಿಷಯಕ್ಕೂ ಇದೇ ಲೆಕ್ಕ, ಒಬ್ಬನನ್ನೇ ನಂಬಿ ಕೂರಬೇಡಿ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಹರಿಹರದವರಿಗೆ, ಹತ್ತಿ ಗಿರಣಿಗಳ ಸೈರನ್ ನಿಂತದ್ದನ್ನು ಕಂಡ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

## ಗೊಬ್ಬರ, ಈರುಳ್ಳಿ, ರೇಷ್ಮೆ, ಗಾರ್ಮೆಂಟ್

ಡಿಎಪಿ ಬರ್ತಿಲ್ಲ, ರೈತರು ಅಂಗಡಿ ಮುಂದೆ ಜಗಳಕ್ಕೆ ನಿಂತಾರ. ನಾವೇನ್ ಮಾಡೋಣ?

ಪೊಟ್ಯಾಷ್‌ಗೆ ನಾವು ಪೂರ್ತಿ ಹೊರದೇಶವನ್ನೇ ನಂಬಿದ್ದೇವೆ. ರಂಜಕ, ಸಾರಜನಕ ಎರಡೂ ಇರುವ ಡಿಎಪಿ ಗೊಬ್ಬರದ ದೊಡ್ಡ ಪಾಲೂ ಹೊರಗಿನದೇ. ಇಲ್ಲಿ ತಯಾರಾಗುವುದಕ್ಕೂ ರಾಕ್ ಫಾಸ್ಫೇಟ್, ಫಾಸ್ಫಾರಿಕ್ ಆಮ್ಲ ಹೊರಗಿನಿಂದ ಬರಬೇಕು. 2021ರಿಂದ ಚೀನಾ ತನ್ನ ಫಾಸ್ಫೇಟ್ ರಫ್ತನ್ನು ಬಿಗಿ ಮಾಡುತ್ತಾ ಬಂದಿದೆ. 2025ರ ಜುಲೈನಲ್ಲಿ ಭಾರತದ ಕಂಪನಿಗಳು ಸೌದಿಯ ಮಾಡೆನ್ ಜೊತೆ ವರ್ಷಕ್ಕೆ 31 ಲಕ್ಷ ಟನ್ ಡಿಎಪಿಗೆ ಐದು ವರ್ಷದ ಒಪ್ಪಂದ ಮಾಡಿಕೊಂಡವು. ಅದು ದೇಶದ ಮಟ್ಟದ ಉಪಾಯ.

ಅಂಗಡಿಯ ಮಟ್ಟದಲ್ಲಿ ಇರುವ ದಾರಿ ಬದಲಿ ಗೊಬ್ಬರ. ಒಂದು ಚೀಲ ಡಿಎಪಿಯಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ 24 ಕಿಲೋ ರಂಜಕ ಸಿಗುತ್ತದೆ, ಗಂಧಕವೂ ಬರುತ್ತದೆ. ಜೊತೆಗೆ ಒಂದು ಚೀಲ ಯೂರಿಯಾ ಹಾಕಿದರೆ ಸಾರಜನಕ 20 ಕಿಲೋ ದಾಟುತ್ತದೆ, ಮೇಲುಗೊಬ್ಬರದಲ್ಲಿ ಅಷ್ಟು ಕಡಿಮೆ ಮಾಡಬಹುದು. 20:20:0:13 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್, ಗಂಧಕದ ಶೇಕಡಾ ಪಾಲು) ಕೂಡ ಮೆಕ್ಕೆಜೋಳಕ್ಕೆ ಒಗ್ಗುತ್ತದೆ. ಇದನ್ನು ಜೂನ್‌ನಲ್ಲಿ, ಬಿತ್ತನೆ ಶುರುವಾಗಿ ಸಾಲು ನಿಂತಾಗ ಹೇಳಿದರೆ ಯಾರೂ ನಂಬುವುದಿಲ್ಲ. "ಮಾಲಿಲ್ಲದ್ದಕ್ಕೆ ಇದನ್ನ ಗಂಟು ಹಾಕ್ತಿದಾನೆ" ಅನ್ನುತ್ತಾರೆ. ಹಿಂದಿನ ಹಿಂಗಾರಿಗೇ ನಾಲ್ಕು ರೈತರ ಹೊಲದಲ್ಲಿ ಹಾಕಿಸಿ ತೋರಿಸಿದ್ದರೆ ಅವರೇ ನಿಮ್ಮ ಪರ ಮಾತಾಡುತ್ತಾರೆ. ಯಂತ್ರದ ಬಿಡಿಭಾಗ, ಪ್ಯಾಕಿಂಗ್, ಬಣ್ಣ ಯಾವುದಕ್ಕೇ ಆಗಲಿ, ಬದಲಿಯನ್ನು ಪುರುಸೊತ್ತಿದ್ದಾಗ ಪರೀಕ್ಷಿಸಬೇಕು.

ಈರುಳ್ಳಿ ರಫ್ತು ಯಾವಾಗ ನಿಲ್ಲಿಸ್ತಾರೆ ಅಂತ ಮೊದಲೇ ಗೊತ್ತಾಗುತ್ತಾ?

ದಿನಾಂಕ ಗೊತ್ತಾಗುವುದಿಲ್ಲ, ವಾಸನೆ ಬಡಿಯುತ್ತದೆ. ಇತ್ತೀಚಿನ ಸರಣಿ ನೋಡಿ. 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. 2024ರ ಮೇನಲ್ಲಿ ನಿಷೇಧ ತೆಗೆದರೂ ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ ಮತ್ತು ಶೇ 40 ಸುಂಕ. ಸೆಪ್ಟೆಂಬರಿನಲ್ಲಿ ಕನಿಷ್ಠ ಬೆಲೆ ಹೋಗಿ ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ಕ್ಕೆ ಅದೂ ಹೋಯಿತು. ದೊಡ್ಡ ನಗರಗಳಲ್ಲಿ ಚಿಲ್ಲರೆ ಬೆಲೆ ಏರುವುದು, ಸರ್ಕಾರ ತನ್ನ ಕಾಪು ದಾಸ್ತಾನು ಬಿಡುವುದು, ಚುನಾವಣೆ ಹತ್ತಿರವಾಗುವುದು, ಈ ಮೂರೂ ಒಟ್ಟಿಗೆ ಬಂದರೆ ದೂರದ ಕರಾರು ಮಾಡಬೇಡಿ.

ಚಿತ್ರದುರ್ಗ ಕಡೆಯ ಮುಂಗಾರಿನ ಈರುಳ್ಳಿ ನಾಸಿಕದ ಹಿಂಗಾರು ಗಡ್ಡೆಯಷ್ಟು ಬಾಳುವುದಿಲ್ಲ. "ನಿಷೇಧ ತೆಗೆಯೋವರೆಗೆ ಇಟ್ಕೋತೀನಿ" ಎನ್ನುವ ಮಾತು ಇಲ್ಲಿ ನಡೆಯದು. ಚೆನ್ನೈ, ಕೇರಳ, ಒಡಿಶಾದ ಮಂಡಿಗಳಲ್ಲಿ ಪರಿಚಯದ ದಲ್ಲಾಳಿಗಳನ್ನು ಇಟ್ಟುಕೊಂಡಿರುವುದೇ ನಿಮ್ಮ ಗೋದಾಮು. ರಫ್ತುದಾರರು ಪ್ರತಿ ಅಧಿಸೂಚನೆಯಲ್ಲಿ ದಾರಿಯಲ್ಲಿರುವ ಸರಕಿಗೆ ಏನು ವಿನಾಯಿತಿ ಎಂಬ ಭಾಗವನ್ನು ಮೊದಲು ಓದಬೇಕು. ಹಡಗಿಗೆ ತುಂಬಲು ಶುರುವಾದ, ಕಸ್ಟಮ್ಸಿಗೆ ಒಪ್ಪಿಸಿದ ಸರಕನ್ನು ಹಲವು ಸಲ ಬಿಟ್ಟಿದ್ದಾರೆ. ಅಂಥ ವೇಳೆ ಕಾಗದದ ದಿನಾಂಕವೇ ನಿಮ್ಮನ್ನು ಉಳಿಸುವುದು.

ಮೊಳಕಾಲ್ಮೂರಿನಿಂದ ಬರೀತಿದೀನಿ. ರೇಷ್ಮೆ ನೂಲು ಇವತ್ತೊಂದು ರೇಟು, ನಾಳೆ ಒಂದು. ಸೀರೆ ರೇಟು ಮಾತ್ರ ಹಂಗೇ ಇದೆ. ಹೆಂಗೆ ಬದುಕೋದು?

ಮಗ್ಗದವರಿಗೆ ದಾಸ್ತಾನು ಇಡಿ ಎನ್ನುವುದು ಕ್ರೂರ ಸಲಹೆ. ಬದಲಿಗೆ ಆರ್ಡರ್ ಹಿಡಿಯುವಾಗಲೇ ಆ ಸೀರೆಗೆ ಬೇಕಾದ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ), ಜರಿ ಮೂರರ ರೇಟನ್ನೂ ಚೀಟಿಯಲ್ಲಿ ಬರೆದು, ಮುಂಗಡದಲ್ಲಿ ಅಷ್ಟನ್ನೂ ಅಂದೇ ಕೊಂಡುಬಿಡಿ. ಮುಂಗಡ ಕೊಡದ ಅಂಗಡಿಗೆ ರೇಟು ಏಳು ದಿನಕ್ಕೆ ಮಾತ್ರ ಎಂದು ಹೇಳಿ. ಹಾಸಿನ ಎಳೆಗೆ ಚೀನಾ ನೂಲೇ ಬೇಕು ಎನ್ನುವವರು, ಸ್ವಯಂಚಾಲಿತ ಯಂತ್ರದಲ್ಲಿ ಬಿಚ್ಚಿದ ನಮ್ಮ ದ್ವಿತಳಿ ನೂಲನ್ನು ಒಂದು ಹಾಸಿಗಾದರೂ ಹಾಕಿ ನೋಡಬೇಕು. ಸೂರತ್ತಿನ ಜರಿಗೆ ಮಾತ್ರ ಸದ್ಯಕ್ಕೆ ಸುಲಭದ ಪರ್ಯಾಯ ಕಾಣುತ್ತಿಲ್ಲ.

ಅಮೆರಿಕ ಸುಂಕ ಹಾಕ್ತು ಅಂತ ಕಂಪನಿಯವರು ಆರ್ಡರ್ ನಿಲ್ಲಿಸಿದ್ರು. ನಾನು ಹೊಲಿಯೋ ಯೂನಿಟ್ ನಡೆಸೋಳು, ಸುಂಕ ನಾನು ಕಟ್ಟಲ್ಲವಲ್ಲ?

ಕಟ್ಟುವುದು ಅಲ್ಲಿಯ ಆಮದುದಾರ. ಅವನು ರಿಯಾಯಿತಿ ಕೇಳುವುದು ರಫ್ತುದಾರನನ್ನು, ರಫ್ತುದಾರ ನಿಮ್ಮನ್ನು. 2025ರ ಆಗಸ್ಟ್ 7ರಿಂದ ಶೇ 25, ಆಗಸ್ಟ್ 27ರಿಂದ ಇನ್ನೂ ಶೇ 25 ಸೇರಿದಾಗ ಪೀಸ್ ರೇಟಿನ ಮೇಲೆ ಬಿದ್ದ ಒತ್ತಡ ಇದೇ. ಅಂಥ ಸುಂಕ ರಾತ್ರೋರಾತ್ರಿ ಬದಲಾಗಬಹುದು, ನೀವು ಅದರ ಹಿಂದೆ ಓಡಲಾರಿರಿ.

ಹೊಸ ಆರ್ಡರ್ ಒಪ್ಪುವ ಮೊದಲು ಮೂರು ಕೇಳಿ: ಈ ಬಟ್ಟೆ ಯಾವ ದೇಶಕ್ಕೆ? ಮಧ್ಯದಲ್ಲಿ ರದ್ದಾದರೆ ಕತ್ತರಿಸಿದ ಪೀಸಿಗೆ ಕೂಲಿ ಎಷ್ಟು? ದಾರ, ಗುಂಡಿ, ಲೇಬಲ್ ಯಾರ ಖರ್ಚು? ಎರಡನೆಯದನ್ನು ಕೇಳಲು ಬಹಳ ಜನ ಸಂಕೋಚಪಡುತ್ತಾರೆ. ಕೇಳಿ ತಾಯಿ, ನಿಮ್ಮ ರಕ್ಷಣೆ ಅದರಲ್ಲೇ ಇರುವುದು. ಸಾಧ್ಯವಿದ್ದರೆ ಅಮೆರಿಕ, ಯುರೋಪ್, ದೇಶದೊಳಗಿನದು ಎಂದು ಬೇರೆ ಬೇರೆ ಕಡೆಗೆ ಹೋಗುವ ಕಂಪನಿಗಳ ಕೆಲಸ ಹಿಡಿಯಿರಿ. ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ನಮ್ಮ ಉಡುಪುಗಳ ಸುಂಕ ತೆಗೆಯುವ ಮಾತಿದೆ. ಶಾಲಾ ಸಮವಸ್ತ್ರದಲ್ಲಿ ಲಾಭ ಕಡಿಮೆ, ಆದರೆ ಜೂನ್ ಪ್ರತಿ ವರ್ಷ ಬರುತ್ತದೆ.

## ಇನ್ನೂ ಆಳಕ್ಕೆ ಹೋದವರಿಗೆ

"ಯುದ್ಧವಾದರೆ ನಾವು ಜವಾಬ್ದಾರರಲ್ಲ" ಅಂತ ಬಿಲ್ಲಿನ ಹಿಂದೆ ಅಚ್ಚು ಹಾಕ್ಸಿದ್ರೆ ಸಾಕಾ?

ಮಾಲು ಕೊಡುವುದು ಅಸಾಧ್ಯವಾದರೆ ಅದು ಸ್ವಲ್ಪ ಕೆಲಸಕ್ಕೆ ಬರಬಹುದು. ದುಬಾರಿಯಾದರೆ ಬರುವುದಿಲ್ಲ. ಇಂಡೋನೇಷ್ಯಾ ಕಾನೂನು ಬದಲಿಸಿ ಕಲ್ಲಿದ್ದಲು ಬೆಲೆ ಏರಿದಾಗ ನಮ್ಮ ದೊಡ್ಡ ವಿದ್ಯುತ್ ಕಂಪನಿಗಳು ಇದೇ ವಾದ ಮಾಡಿದವು. 2017ರ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಬೆಲೆ ಏರಿದ ಮಾತ್ರಕ್ಕೆ 1872ರ ಕರಾರು ಕಾಯ್ದೆಯ 56ನೇ ಕಲಮಿನಡಿ ಕರಾರು ಮುರಿಯುವುದಿಲ್ಲ. ಅದಕ್ಕೇ ದರ ಬದಲಾವಣೆಯ ಷರತ್ತನ್ನು ಬೇರೆಯೇ ಬರೆಸಿ. "ಕಚ್ಚಾಮಾಲಿನ ರೇಟು ಶೇ 8ಕ್ಕಿಂತ ಹೆಚ್ಚು ಬದಲಾದರೆ ಎರಡೂ ಕಡೆಯವರು ದರ ಮತ್ತೆ ಕೂತು ನಿಗದಿ ಮಾಡತಕ್ಕದ್ದು" ಎಂಬಂಥ ಒಂದು ಸಾಲು. ಇಳಿದಾಗಲೂ ಇದು ಅನ್ವಯ ಎಂದರೆ ಗಿರಾಕಿ ಬೇಗ ಒಪ್ಪುತ್ತಾನೆ.

ಇನ್ಶೂರೆನ್ಸ್ ಇದೆಯಲ್ಲ?

ಸಾಮಾನ್ಯ ಸಾಗಣೆ ವಿಮೆಯಲ್ಲಿ ಯುದ್ಧ ಸೇರಿಲ್ಲ, ಹೆಚ್ಚುವರಿ ಹಣ ಕಟ್ಟಿ ಸೇರಿಸಬೇಕು. ತಡವಾಗಿ ಬಂದದ್ದರಿಂದ ಆದ ನಷ್ಟವನ್ನಂತೂ ಕೊಡುವುದಿಲ್ಲ. ವಿದೇಶಿ ಗಿರಾಕಿ ಹಣ ಕೊಡದಿದ್ದರೆ ಎಂಬ ಭಯಕ್ಕೆ ರಫ್ತಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿ ಇದೆ.

ಮಂಗಳೂರು ಬಂದರು ಹತ್ತಿರ ಇದ್ರೂ ಏಜೆಂಟು ಚೆನ್ನೈ ಅಂತಾನೆ. ಯಾಕೆ?

ಹಡಗುಗಳ ಓಡಾಟ ಅಲ್ಲಿ ಹೆಚ್ಚು, ಬೆಂಗಳೂರಿನ ವೈಟ್‌ಫೀಲ್ಡ್ ಕಂಟೈನರ್ ಡಿಪೋದಿಂದ ರೈಲೂ ಇದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿದು ಭಾರಿ ವಾಹನ ನಿಲ್ಲಿಸುವುದು ನಮಗೆ ಹೊಸದಲ್ಲ. ಆದರೂ ಎರಡೂ ದಾರಿಯ ದರಪಟ್ಟಿ ಕೈಯಲ್ಲಿರಲಿ, ವರ್ಷಕ್ಕೊಂದು ಕಂಟೈನರನ್ನಾದರೂ ಎರಡನೆಯ ದಾರಿಯಲ್ಲಿ ಕಳಿಸಿ.

ಸಪ್ಲೈಯರ್ ಎಲ್ಲಿಂದ ತರಿಸ್ತಾರೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಪತ್ತೆ ಮಾಡೋದು ಹೆಂಗೆ?

ಹೆಸರು ಕೇಳಿದರೆ ನೀವು ಅವನನ್ನು ದಾಟಿ ನೇರ ಕೊಳ್ಳುತ್ತೀರಿ ಎಂದು ಹೆದರುತ್ತಾನೆ, ಅದು ಸಹಜ. ಹೆಸರು ಬಿಡಿ. ಯಾವ ದೇಶ, ಯಾವ ಬಂದರು, ನಿಮ್ಮ ಹತ್ತಿರ ಎಷ್ಟು ದಿನದ ಮಾಲಿರುತ್ತದೆ, ಇವಿಷ್ಟು ಸಾಕು. ಮೂಲ ದೇಶ ಪೆಟ್ಟಿಗೆಯ ಮೇಲಿನ ಲೇಬಲ್ಲಿನಲ್ಲೇ ಇರುತ್ತದೆ, ಪೆಟ್ಟಿಗೆ ಎಸೆಯುವ ಮೊದಲು ಫೋಟೋ ತೆಗೆಯಿರಿ. ನಿಮ್ಮ ಹಳೆಯ ಖರೀದಿ ಬಿಲ್ಲುಗಳೂ ಬಾಯಿ ಬಿಡುತ್ತವೆ: ಆರ್ಡರ್ ಕೊಟ್ಟ ದಿನ, ಮಾಲು ಬಂದ ದಿನ ಎರಡನ್ನೂ ಬರೆದು ನೋಡಿ. ಹದಿನೈದು ದಿನ ಇದ್ದದ್ದು ಇಪ್ಪತ್ತು, ಇಪ್ಪತ್ತೆಂಟು ಆಗುತ್ತಿದ್ದರೆ ಮೇಲೆ ಎಲ್ಲೋ ಬಿಗಿಯಾಗಿದೆ ಎಂದು ಪತ್ರಿಕೆಗಿಂತ ಮೊದಲೇ ನಿಮಗೆ ಗೊತ್ತಾಗುತ್ತದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ನೀವು ಲೆಕ್ಕ ಬರೆಯುವ ಟ್ಯಾಲಿಯಲ್ಲಿರುವ ಮರು-ಆರ್ಡರ್ ಮಟ್ಟವನ್ನು (ದಾಸ್ತಾನು ಎಷ್ಟಕ್ಕೆ ಇಳಿದರೆ ಮತ್ತೆ ತರಿಸಬೇಕು ಎಂಬುದನ್ನು) ಸರಿಯಾಗಿ ತುಂಬಿದರೆ ನಮ್ಮ ಗಾತ್ರದವರಿಗೆ ಧಾರಾಳ.

ನಾಲ್ಕೈದು ಯೂನಿಟಿನವರು ಸೇರಿ ಒಟ್ಟಿಗೆ ಮಾಲು ತರಿಸಿದ್ರೆ ಹೆಂಗೆ?

ಒಳ್ಳೆಯ ಯೋಚನೆ. ಚನ್ನಗಿರಿಯ ಅಡಿಕೆ ಸಹಕಾರ ಸಂಘ ತುಮ್ಕೋಸ್ ಕಂಡ ಅಡಿಕೆ ಬೆಳೆಗಾರರಿಗೆ ಸಹಕಾರದ ಬಲ ಹೊಸದಲ್ಲ. ಆದರೆ ಖರೀದಿ ಗುಂಪುಗಳು ಮುರಿಯುವುದು ದುಡ್ಡಿನ ಜಾಗದಲ್ಲೇ. ಒಬ್ಬ "ನಾಳೆ ಹಾಕ್ತೀನಿ" ಅನ್ನುತ್ತಾನೆ, ಇನ್ನೊಬ್ಬ ರೇಟು ಇಳಿದ ಮೇಲೆ ಪಾಲು ಬೇಡ ಅನ್ನುತ್ತಾನೆ. ಎಲ್ಲರೂ ಬಳಸುವ, ಗುಣಮಟ್ಟದಲ್ಲಿ ವಾದ ಬರದ ಒಂದೇ ವಸ್ತುವಿನಿಂದ ಶುರು ಮಾಡಿ. ಪ್ಯಾಕಿಂಗ್ ಚೀಲ, ಬೇರಿಂಗ್, ವೆಲ್ಡಿಂಗ್ ರಾಡ್ ಇಂಥವು. ಪೂರ್ತಿ ಹಣ ಜಂಟಿ ಖಾತೆಗೆ ಬಂದ ಮೇಲೆಯೇ ಆರ್ಡರ್. ಮಾಲು ಇಳಿಯುವುದು ಯಾರ ಗೋದಾಮಿನಲ್ಲೋ ಲೆಕ್ಕ ಬರೆಯುವವನು ಅವನಾಗಬಾರದು. ಪಾಲು ಎತ್ತದಿದ್ದರೆ ಹತ್ತು ದಿನಕ್ಕೆ ಉಳಿದವರು ಅಂದಿನ ರೇಟಿಗೆ ಹಂಚಿಕೊಳ್ಳುವುದು, ನಷ್ಟ ಬಂದರೆ ಎತ್ತದವನ ಹಣದಲ್ಲಿ ಮುರಿದುಕೊಳ್ಳುವುದು ಎಂದು ಮೊದಲ ದಿನವೇ ಬರೆದು ಎಲ್ಲರ ಸಹಿ ಹಾಕಿಸಿ.